ಎಲೆ ಮಂಕಾಗಿ ಚುಕ್ಕೆ ಬಿದ್ದಾಗ: ಜೇಡ ನುಸಿಯ ಪತ್ತೆ ಮತ್ತು ನಿವಾರಣೆ

ನೀರು ತಪ್ಪಿಲ್ಲ, ಗೊಬ್ಬರವೂ ಸಿಕ್ಕಿದೆ, ಆದರೂ ಗಿಡದ ಹಸಿರು ದಿನದಿಂದ ದಿನಕ್ಕೆ ಮಾಸುತ್ತಿದೆ. ಎಲೆಯನ್ನು ಹತ್ತಿರದಿಂದ ನೋಡಿದರೆ ಸಣ್ಣ ಸೂಜಿಯಿಂದ ನೂರಾರು ಕಡೆ ಚುಚ್ಚಿದ ಹಾಗೆ ತಿಳಿ ಹಳದಿ ಚುಕ್ಕೆಗಳು ಕಾಣುತ್ತಿವೆ. ಬಿಸಿಲು ಬಲಿತ ಒಣ ದಿನಗಳಲ್ಲಿ, ಅಥವಾ ಗಾಳಿಯಲ್ಲಿ ತೇವವಿಲ್ಲದ ಕೋಣೆಯೊಳಗಿನ ಕುಂಡದ ಗಿಡದಲ್ಲಿ ಈ ಲಕ್ಷಣ ಕಂಡರೆ ಮೊದಲ ಅನುಮಾನ ಜೇಡ ನುಸಿಯ ಮೇಲೆ ಹೋಗಬೇಕು. ಹಾಗೆಂದು ಅನುಮಾನ ಬಂದ ಕೂಡಲೇ ಔಷಧ ಕಲಸಲು ಹೊರಡಬಾರದು. ಈ ನುಸಿಯ ವಿಷಯದಲ್ಲಿ ನಾನು ಕಂಡ ಸೋಲುಗಳೆಲ್ಲ ಬಹುಪಾಲು ಮೂರು ಕಾರಣಗಳಿಂದ ಬಂದವು: ಬೇರೆ ಜೀವಿಯೆಂದು ತಿಳಿದು ಔಷಧ ಹೊಡೆದದ್ದು, ಎಲೆಯ ಮೇಲ್ಭಾಗಕ್ಕಷ್ಟೇ ಹೊಡೆದದ್ದು, ಒಮ್ಮೆ ಹೊಡೆದು ಸುಮ್ಮನಾದದ್ದು. ಹೀಗಾಗಿ ಪತ್ತೆ ಹಚ್ಚುವ ಕೆಲಸಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೆಸರಿನಿಂದಲೇ ಶುರುವಾಗುವ ಗೊಂದಲ

ಕನ್ನಡದಲ್ಲಿ ನುಸಿ ಎಂಬ ಒಂದೇ ಮಾತು ಹಲವು ಜೀವಿಗಳಿಗೆ ಸಲ್ಲುತ್ತದೆ. ಮುಖದ ಸುತ್ತ ಹಾರಾಡುವ ಪುಟ್ಟ ನೊಣವೂ ನುಸಿ, ಗಿಡದ ಎಲೆ ಮುರುಟಿಸುವ ಥ್ರಿಪ್ಸ್ ಕೂಡ ನುಸಿ, ಬಲೆ ಕಟ್ಟುವ ಈ ಮೈಟ್ ಕೂಡ ನುಸಿ. ಥ್ರಿಪ್ಸ್ ಆರು ಕಾಲಿನ ಕೀಟ. ಜೇಡ ನುಸಿ ಕೀಟವೇ ಅಲ್ಲ; ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ, ಬೆಳೆದಾಗ ಎಂಟು ಕಾಲುಗಳಿರುವ ಜೀವಿ. ಈ ವ್ಯತ್ಯಾಸಕ್ಕೆ ದೊಡ್ಡ ಬೆಲೆಯಿದೆ, ಏಕೆಂದರೆ ಥ್ರಿಪ್ಸ್ ಮತ್ತು ಗಿಡಹೇನುಗಳನ್ನು ಕೊಲ್ಲುವ ಎಷ್ಟೋ ಕೀಟನಾಶಕಗಳು ಜೇಡ ನುಸಿಯನ್ನು ಕೊಲ್ಲುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ; ಅವು ನುಸಿಯನ್ನು ತಿಂದು ಬದುಕುವ ಜೀವಿಗಳನ್ನು ಕೊಂದು, ನುಸಿಗೆ ಬೇಲಿಯಿಲ್ಲದ ಹೊಲ ಬಿಟ್ಟುಕೊಡುತ್ತವೆ. ಔಷಧ ಕೇಳುವಾಗ ಬರಿದೇ ನುಸಿ ಎನ್ನದೆ ಜೇಡ ನುಸಿ, ಕೆಂಪು ನುಸಿ ಅಥವಾ ಮೈಟ್ ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ತೋಟದಲ್ಲಿಯೂ ಕುಂಡಗಳಲ್ಲಿಯೂ ಹೆಚ್ಚಾಗಿ ಕಾಣುವುದು ಎರಡು ಚುಕ್ಕೆಯ ಜೇಡ ನುಸಿ. ಇದರ ವೈಜ್ಞಾನಿಕ ಹೆಸರು ಟೆಟ್ರಾನಿಕಸ್ ಅರ್ಟಿಸಿ. 1836ರಲ್ಲಿ ಕಾಖ್ ಎಂಬ ವಿಜ್ಞಾನಿ ಇದನ್ನು ವಿವರಿಸಿ ಹೆಸರಿಟ್ಟರು. ಸಾವಿರಕ್ಕೂ ಹೆಚ್ಚು ಜಾತಿಯ ಸಸ್ಯಗಳ ಮೇಲೆ ಇದು ಬದುಕಬಲ್ಲದು. ಗುಲಾಬಿ, ಸೇವಂತಿಗೆ, ಚೆಂಡು ಹೂ, ದಾಸವಾಳ, ಬೆಂಡೆ, ಬದನೆ, ಹುರುಳಿಕಾಯಿ, ಸೌತೆ, ಟೊಮೆಟೊ, ಪರಂಗಿ, ಕುಂಡದ ಪಾಮ್ ಮತ್ತು ಕ್ರೋಟನ್ ಇವೆಲ್ಲ ಇದಕ್ಕೆ ಪ್ರಿಯವಾದವು.

ಕಾಗದದ ಪರೀಕ್ಷೆ

ಹೆಣ್ಣು ನುಸಿಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ಗಂಡು ಅದಕ್ಕಿಂತ ಸಣ್ಣದು, ಹಿಂಭಾಗ ಚೂಪು. ಬರಿಗಣ್ಣಿಗೆ ಇವು ಧೂಳಿನ ಕಣಗಳಂತೆ ತೋರುತ್ತವೆ, ಆದ್ದರಿಂದ ಧೂಳನ್ನು ಓಡಾಡುವಂತೆ ಮಾಡಬೇಕು. ಒಂದು ಬಿಳಿ ಕಾಗದವನ್ನು ಅನುಮಾನವಿರುವ ಕೊಂಬೆಯ ಕೆಳಗೆ ಹಿಡಿದು, ಎಲೆಗಳನ್ನು ಬೆರಳಿನಿಂದ ಎರಡು ಮೂರು ಬಾರಿ ತಟ್ಟಿ, ಅರ್ಧ ನಿಮಿಷ ಕಾಗದವನ್ನು ಅಲುಗಿಸದೆ ನೋಡಬೇಕು. ಉದುರಿದ ಕಸದಲ್ಲಿ ಕೆಲವು ಚುಕ್ಕೆಗಳು ನಿಧಾನವಾಗಿ ತೆವಳತೊಡಗಿದರೆ ಅವೇ ನುಸಿಗಳು. ಕಾಗದದ ಮೇಲೆ ಬೆರಳನ್ನು ಒತ್ತಿ ಎಳೆದಾಗ ಹಸಿರು ಮಿಶ್ರಿತ ಗೆರೆ ಮೂಡಿದರೆ ಅದು ಎಲೆಯ ರಸ ಕುಡಿದ ಜೀವಿ. ಅದೇ ಕಾಗದದ ಮೇಲೆ ಒಂದೆರಡು ಚುಕ್ಕೆಗಳು ಸರಸರನೆ ಓಡಿ ಅಂಚು ದಾಟಿ ಹೋಗುವುದೂ ಉಂಟು. ಹನಿಯ ಆಕಾರದ, ಹೊಳೆಯುವ ಮೈಯ ಆ ಓಟಗಾರರು ಸಾಮಾನ್ಯವಾಗಿ ಪರಭಕ್ಷಕ ನುಸಿಗಳು, ಅಂದರೆ ನಮ್ಮ ಶತ್ರುವನ್ನು ತಿನ್ನುವವರು. ಅವರು ಕಂಡರೆ ಔಷಧದ ಕೈ ತಡೆಯುವುದು ಲೇಸು.

ಎರಡನೆಯ ಪರೀಕ್ಷೆ ಎಲೆಯ ತಳಭಾಗದ್ದು. ಕೆಳಗಿನ, ಬಲಿತ ಎಲೆಯೊಂದನ್ನು ಕಿತ್ತು ತಿರುಗಿಸಿ, ನಡುನರದ ಪಕ್ಕದ ಮೂಲೆಗಳನ್ನು ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಿಂದ ನೋಡಿ. ಮೊದಲ ಬಾರಿ ಈ ನೋಟ ಕಂಡಾಗ ಒಂದು ಪುಟ್ಟ ಊರೇ ಅಲ್ಲಿ ನೆಲೆಸಿದೆ ಎನಿಸಿತ್ತು ನನಗೆ. ತಿಳಿ ಹಳದಿ ಅಥವಾ ಹಸಿರು ಮೈಯ, ಇಕ್ಕೆಲಗಳಲ್ಲಿ ಒಂದೊಂದು ಕಪ್ಪು ಮಚ್ಚೆ ಹೊತ್ತ ನುಸಿಗಳು; ಗಾಜಿನ ಮಣಿಯಂತೆ ದುಂಡಗೆ, ಪಾರದರ್ಶಕವಾಗಿ ಅಂಟಿಕೊಂಡ ಮೊಟ್ಟೆಗಳು; ಮರಿಗಳು ಕಳಚಿ ಬಿಟ್ಟ ಬಿಳಿ ಪೊರೆಗಳು; ಇವೆಲ್ಲವನ್ನೂ ಹೆಣೆದ ಎಳೆ ಎಳೆಯ ಬಲೆ. ಕಪ್ಪು ಮಚ್ಚೆಗಳು ಚರ್ಮದ ಬಣ್ಣವಲ್ಲ, ಹೊಟ್ಟೆಯೊಳಗಿನ ಆಹಾರ ಹೊರಗೆ ಕಾಣುವುದು. ಹೀಗಾಗಿ ಆಗಷ್ಟೇ ಪೊರೆ ಕಳಚಿದ ನುಸಿಯಲ್ಲಿ ಮಚ್ಚೆ ಕಾಣದಿರಬಹುದು. ಚಳಿಗಾಲವನ್ನು ಕಳೆಯಲು ಸಿದ್ಧವಾದ ಹೆಣ್ಣುಗಳು ಕಿತ್ತಳೆ ಕೆಂಪಾಗುತ್ತವೆ. ವರ್ಷವಿಡೀ ಕೆಂಪಾಗಿಯೇ ಇರುವ ಬೇರೆ ಜೇಡ ನುಸಿಗಳೂ ಇವೆ. ಬಣ್ಣವೊಂದನ್ನೇ ನಂಬಿ ತೀರ್ಮಾನಿಸಬಾರದು.

ಬಲೆ ಕಂಡ ಮೇಲೆ ಪರೀಕ್ಷಿಸಲು ಹೊರಟವರು ತಡಮಾಡಿದ್ದಾರೆ ಎಂದೇ ಅರ್ಥ. ಬಲೆ ಎಲೆಗಳ ನಡುವೆ ಹರಡುವ ಹೊತ್ತಿಗೆ ನುಸಿಯ ಸಂಖ್ಯೆ ಸಾವಿರಗಳಲ್ಲಿರುತ್ತದೆ. ಇನ್ನು, ಎರಡು ಕೊಂಬೆಗಳ ನಡುವೆ ಕಟ್ಟಿದ, ಮೊಟ್ಟೆಯಾಗಲಿ ಪೊರೆಯಾಗಲಿ ಇಲ್ಲದ ಸ್ವಚ್ಛ ಬಲೆ ನಿಜವಾದ ಜೇಡದ್ದು. ಅದನ್ನು ಹಾಗೆಯೇ ಬಿಡಬೇಕು.

ಜೇಡ ನುಸಿಯಂತೆ ತೋರುವ ಬೇರೆ ದೋಷಗಳು

ಚುಕ್ಕೆಗಳು ಇವೆ, ಆದರೆ ಕಾಗದದಲ್ಲಿ ಏನೂ ತೆವಳಲಿಲ್ಲ ಎನ್ನೋಣ. ಆಗ ಚುಕ್ಕೆಯ ಸ್ವರೂಪವನ್ನೇ ಓದಬೇಕು. ಬೆಳ್ಳಿಯಂತೆ ಹೊಳೆಯುವ ಉದ್ದುದ್ದ ಗೀರುಗಳು, ಅವುಗಳ ಮೇಲೆ ಮಸಿಯ ಹನಿಯಂತಹ ಹಿಕ್ಕೆಗಳು ಇದ್ದರೆ ಅದು ಥ್ರಿಪ್ಸ್ ಮಾಡಿದ ಗಾಯ. ಚುಕ್ಕೆಗಳು ಸ್ವಲ್ಪ ದೊಡ್ಡವಾಗಿದ್ದು, ಎಲೆ ಅಲುಗಿಸಿದರೆ ಬೆಣೆಯಾಕಾರದ ಹಸಿರು ಹುಳುಗಳು ಅಡ್ಡಡ್ಡ ನಡೆದು ಜಿಗಿದರೆ ಅದು ಜಿಗಿಹುಳು. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಒಂದೇ ಸಮನಾಗಿ ಹಳದಿಯಾಗಿದ್ದರೆ ಅದು ಪೋಷಕಾಂಶದ ಕೊರತೆ: ಹೊಸ ಎಲೆಗಳಲ್ಲಿ ಕಂಡರೆ ಹೆಚ್ಚಾಗಿ ಕಬ್ಬಿಣದ್ದು, ಹಳೆಯ ಎಲೆಗಳಲ್ಲಿ ಕಂಡರೆ ಮೆಗ್ನೀಸಿಯಂನದ್ದು. ಕೊರತೆಯ ಹಳದಿ ನುಣುಪಾಗಿರುತ್ತದೆ, ನುಸಿಯ ಹಳದಿ ಚುಕ್ಕೆ ಚುಕ್ಕೆಯಾಗಿರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಈ ವ್ಯತ್ಯಾಸ ತಪ್ಪದೆ ಕಾಣುತ್ತದೆ.

ಹೆಚ್ಚು ಜನ ಎಡವುವುದು ಇನ್ನೊಂದು ನುಸಿಯಲ್ಲಿ. ಮೆಣಸಿನ ಗಿಡದ ಕುಡಿ ಎಲೆಗಳು ಕೆಳಮುಖವಾಗಿ ಮುದುರಿ, ಗಟ್ಟಿಯಾಗಿ, ತಳಭಾಗ ಕಂಚಿನ ಬಣ್ಣಕ್ಕೆ ತಿರುಗಿ, ಚಿಗುರು ಬೆಳೆಯದೆ ನಿಂತಿದ್ದರೆ ಅದು ಅಗಲ ನುಸಿ ಎಂಬ ಬೇರೆ ಜಾತಿ. ಅದು ಜೇಡ ನುಸಿಗಿಂತಲೂ ಚಿಕ್ಕದು, ಸುಮಾರು 0.2 ಮಿಲಿಮೀಟರ್ ಅಷ್ಟೇ, ಮತ್ತು ಬಲೆ ಕಟ್ಟುವುದಿಲ್ಲ. ಜೇಡ ನುಸಿ ಬಲಿತ ಎಲೆಯಿಂದ ಮೇಲಕ್ಕೆ ಹತ್ತುತ್ತದೆ, ಅಗಲ ನುಸಿ ಎಳೆ ಕುಡಿಯನ್ನೇ ಹಿಡಿಯುತ್ತದೆ. ಹಾನಿ ಗಿಡದ ಯಾವ ಭಾಗದಿಂದ ಶುರುವಾಯಿತು ಎಂಬ ಒಂದು ಪ್ರಶ್ನೆ ಇವೆರಡನ್ನೂ ಬೇರ್ಪಡಿಸುತ್ತದೆ. ಮಳೆ ಬಿದ್ದ ಮೇಲೆ ಮಣ್ಣಿನ ಮೇಲೆ ಓಡಾಡುವ ಮಖಮಲ್ಲಿನಂತಹ ಕಡುಗೆಂಪು ಹುಳುಗಳು ಗಿಡಕ್ಕೆ ಏನೂ ಮಾಡುವುದಿಲ್ಲ. ಅವನ್ನು ಕೊಲ್ಲುವುದು ಪಾಪ.

ಇಷ್ಟು ಬೇಗ ಹೆಚ್ಚುವುದೇಕೆ

ನುಸಿ ತನ್ನ ಸೂಜಿಯಂತಹ ಬಾಯಿಯ ಅಂಗವನ್ನು ಎಲೆಯ ಒಳಗಿಳಿಸಿ, ಒಂದೊಂದೇ ಜೀವಕೋಶದ ರಸವನ್ನು ಪತ್ರಹರಿತ್ತಿನ ಸಮೇತ ಹೀರುತ್ತದೆ. ಹೀಗೆ ಖಾಲಿಯಾದ ಕೋಶಗಳ ಗುಂಪೇ ನಾವು ನೋಡುವ ಚುಕ್ಕೆ. ಆ ಚುಕ್ಕೆ ಮತ್ತೆ ಹಸಿರಾಗುವುದಿಲ್ಲ. ಈ ಮಾತನ್ನು ನೆನಪಿಡಬೇಕು. ಚಿಕಿತ್ಸೆ ಫಲಿಸಿತೇ ಎಂದು ಹಳೆಯ ಎಲೆಗಳನ್ನು ನೋಡಿ ಅಳೆಯಲು ಹೋದರೆ ನಿರಾಸೆಯಾಗುತ್ತದೆ.

ಲೆಕ್ಕ ಸರಳವಾಗಿದೆ. 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆಯುತ್ತದೆ, ಒಂದು ವಾರ ಕಳೆಯುವಷ್ಟರಲ್ಲಿ ಆ ಮರಿ ತಾನೇ ಮೊಟ್ಟೆಯಿಡುವ ಹಂತಕ್ಕೆ ಬರುತ್ತದೆ. 20 ಡಿಗ್ರಿಯಲ್ಲಿ ಇದೇ ಪಯಣಕ್ಕೆ ಎರಡರಿಂದ ಎರಡೂವರೆ ವಾರ ಬೇಕು. ಒಂದು ಹೆಣ್ಣು ತನ್ನ ಬದುಕಿನಲ್ಲಿ ನೂರರಷ್ಟು ಮೊಟ್ಟೆಯಿಡಬಲ್ಲದು. ಗಂಡಿನ ಜೊತೆ ಕೂಡದ ಹೆಣ್ಣಿನ ಮೊಟ್ಟೆಗಳಿಂದಲೂ ಮರಿಗಳು ಹುಟ್ಟುತ್ತವೆ, ಅವೆಲ್ಲ ಗಂಡು. ಬೆಳೆದ ಆ ಗಂಡಿನ ಜೊತೆ ತಾಯಿಯೇ ಕೂಡಬಲ್ಲದು, ಅಂದರೆ ಗಾಳಿಯಲ್ಲಿ ತೇಲಿಬಂದ ಒಂಟಿ ಹೆಣ್ಣೊಂದೇ ಹೊಸ ಸಂಸಾರ ಹೂಡಲು ಸಾಕು. ಮೊಟ್ಟೆಯಿಂದ ಹೊರಬಂದ ಆರು ಕಾಲಿನ ಮರಿ ದೊಡ್ಡದಾಗುವ ಹಾದಿಯಲ್ಲಿ ಮೂರು ಬಾರಿ ಅಲುಗಾಡದೆ ಕುಳಿತು ಪೊರೆ ಬಿಡುತ್ತದೆ. ಆ ಜಡ ಸ್ಥಿತಿಯಲ್ಲಿಯೂ ಮೊಟ್ಟೆಯೊಳಗಿರುವಾಗಲೂ ಹೆಚ್ಚಿನ ಔಷಧಗಳು ಅದನ್ನು ಮುಟ್ಟಲಾರವು. ಇಂದು ಹೊಡೆದ ಔಷಧ ಇಂದು ಓಡಾಡುತ್ತಿರುವವುಗಳನ್ನು ಮಾತ್ರ ಕೊಲ್ಲುತ್ತದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮೊಟ್ಟೆಗಳು ಒಡೆದು ಹೊಸ ತಲೆಮಾರು ಮೇಯುತ್ತಿರುತ್ತದೆ. ಔಷಧ ಕೆಲಸ ಮಾಡಲಿಲ್ಲ ಎಂಬ ದೂರು ಹುಟ್ಟುವುದು ಈ ನಾಲ್ಕನೆಯ ದಿನದಲ್ಲಿ.

ಒಣ ಗಾಳಿ, ಎಲೆಯ ಮೇಲೆ ಕುಳಿತ ಧೂಳು, ನೀರಿನ ಕೊರತೆಯಿಂದ ಬಾಡಿದ ಗಿಡ, ಸಾರಜನಕ ಗೊಬ್ಬರವನ್ನು ಮಿತಿಮೀರಿ ತಿಂದು ಮೆತ್ತಗಾದ ಎಲೆ ಇವೆಲ್ಲ ನುಸಿಗೆ ಅನುಕೂಲ ಮಾಡಿಕೊಡುತ್ತವೆ. ದಾರಿಯ ಬದಿಯ ಧೂಳು ಹಿಡಿದ ಬೇಲಿ ಗಿಡಗಳಲ್ಲಿ ನುಸಿ ಮೊದಲು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ನಿವಾರಣೆಯ ಕ್ರಮ

ಕುಂಡದ ಗಿಡವಾದರೆ ಮೊದಲು ಅದನ್ನು ಬೇರೆ ಗಿಡಗಳಿಂದ ದೂರ ಇಡಬೇಕು, ಎಲೆಗೆ ಎಲೆ ತಾಗಬಾರದು. ನುಸಿಗೆ ರೆಕ್ಕೆಯಿಲ್ಲ, ತಾಗಿದ ಎಲೆಯ ಮೂಲಕ, ಗಾಳಿಯಲ್ಲಿ, ನಮ್ಮ ಕೈ ಮತ್ತು ಬಟ್ಟೆಗಳ ಮೂಲಕ ಅದು ಪ್ರಯಾಣ ಮಾಡುತ್ತದೆ. ಆದ್ದರಿಂದ ಪೀಡಿತ ಗಿಡದ ಕೆಲಸವನ್ನು ದಿನದ ಕೊನೆಗೆ ಇಟ್ಟುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಮಂಕಾದ, ಬಲೆ ಹಿಡಿದ ಎಲೆಗಳನ್ನು ಚೀಲದೊಳಗೇ ಕತ್ತರಿಸಿ ಬಾಯಿ ಕಟ್ಟಿ ಬಿಸಾಡಬೇಕು. ಕತ್ತರಿಸಿದ್ದನ್ನು ಬುಡದಲ್ಲಿ ಬಿಟ್ಟರೆ ಎಲೆ ಒಣಗುತ್ತಿದ್ದಂತೆ ನುಸಿಗಳು ಮರಳಿ ಗಿಡ ಹತ್ತುತ್ತವೆ.

ಆಮೇಲೆ ನೀರು. ಇದನ್ನು ಯಾರೂ ಔಷಧವೆಂದು ಎಣಿಸುವುದಿಲ್ಲ, ಆದರೆ ಹತ್ತಾರು ಕುಂಡಗಳಲ್ಲಿ ನುಸಿಯನ್ನು ಹತೋಟಿಗೆ ತಂದದ್ದು ನೀರೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಕುಂಡದ ಮಣ್ಣು ಚೆಲ್ಲದಂತೆ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡವನ್ನು ಓರೆಯಾಗಿ ಮಲಗಿಸಿ, ಒಂದು ಅಂಗೈಯನ್ನು ಎಲೆಗೆ ಆಸರೆಯಾಗಿ ಹಿಡಿದು, ಎಲೆಗಳ ತಳಭಾಗಕ್ಕೆ ಪೈಪಿನ ನೀರನ್ನು ಜೋರಾಗಿ ಬಿಡಬೇಕು. ಬಲೆ ಹರಿದು, ನುಸಿಗಳೂ ಹಲವು ಮೊಟ್ಟೆಗಳೂ ಕೊಚ್ಚಿ ಹೋಗುತ್ತವೆ, ಧೂಳೂ ತೊಳೆಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಎರಡು ವಾರ ಹೀಗೆ ಮಾಡಿದರೆ ಆರಂಭದ ಹಂತದ ಪೀಡೆ ಇಷ್ಟರಲ್ಲೇ ಮುಗಿಯುವುದುಂಟು. ಅಗಲ ಎಲೆಯ ಗಿಡಗಳನ್ನು ಒದ್ದೆ ಬಟ್ಟೆಯಿಂದ ಎರಡೂ ಕಡೆ ಒರೆಸಬಹುದು. ಬೆಳಿಗ್ಗೆ ಹೊತ್ತು ಮಾಡಿದರೆ ಎಲೆ ಬೇಗ ಆರಿ ಶಿಲೀಂಧ್ರದ ಭಯ ಇರುವುದಿಲ್ಲ. ಬರಿಯ ತುಂತುರು ನೀರನ್ನು ದಿನವೂ ಎಲೆಗೆ ಚಿಮುಕಿಸಿದರೆ ನುಸಿ ಸಾಯುತ್ತದೆ ಎಂಬ ನಂಬಿಕೆ ಬಹಳ ಹರಡಿದೆ. ಚಿಮುಕಿಸಿದ ತೇವ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ, ನುಸಿಯನ್ನು ಕಿತ್ತು ಎಸೆಯುವುದು ನೀರಿನ ರಭಸ.

ನೀರಿಗೆ ಬಗ್ಗದಿದ್ದರೆ ಗಿಡಗಳಿಗೆಂದೇ ತಯಾರಾದ ಪೊಟ್ಯಾಶ್ ಸಾಬೂನಿನ ಶೇ. 1ರಿಂದ 2ರ ದ್ರಾವಣ, ಅಥವಾ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಇದೇ ಸಾಬೂನಿನಲ್ಲಿ ಕಲಸಿ ಬೆರೆಸಿದ ದ್ರಾವಣವನ್ನು ಬಳಸಬಹುದು. ಎಣ್ಣೆ ನೀರಿನ ಮೇಲೆ ತೇಲುತ್ತಿದ್ದರೆ ಸಿಂಪಡಿಸಬಾರದು. ಹಾಲಿನಂತೆ ಬೆಳ್ಳಗೆ ಬೆರೆಯಬೇಕು, ನಡುನಡುವೆ ಕುಲುಕುತ್ತಿರಬೇಕು, ಕಲಸಿದ್ದನ್ನು ಅಂದೇ ಮುಗಿಸಬೇಕು. ಇವೆರಡೂ ಮೈಗೆ ತಾಗಿದ ನುಸಿಯನ್ನು ಮಾತ್ರ ಕೊಲ್ಲುತ್ತವೆ, ಆರಿದ ಮೇಲೆ ಸಾಬೂನಿಗೆ ಯಾವ ಶಕ್ತಿಯೂ ಉಳಿಯದು. ಎಲೆಯ ತಳಭಾಗದಿಂದ ದ್ರಾವಣ ತೊಟ್ಟಿಕ್ಕುವವರೆಗೆ ಸಿಂಪಡಿಸಬೇಕೆಂದು ಒತ್ತಿ ಹೇಳುವುದು ಅದಕ್ಕಾಗಿ. ಪಾತ್ರೆ ತೊಳೆಯುವ ದ್ರವ, ಬಟ್ಟೆಯ ಪುಡಿಗಳು ಸಾಬೂನಲ್ಲ, ಡಿಟರ್ಜೆಂಟ್. ಅವು ಎಲೆಯ ಮೇಣದ ಪದರವನ್ನು ಕಿತ್ತು ಸುಡುತ್ತವೆ. ಗಡಸು ನೀರಿನಲ್ಲಿ ಸಾಬೂನು ಗಸಿಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ, ಮಳೆನೀರು ಉತ್ತಮ. ಮೊದಲು ಎರಡು ಮೂರು ಎಲೆಗಳಿಗೆ ಹಾಕಿ ಎರಡು ದಿನ ನೋಡಿ, ಅನಂತರವೇ ಇಡೀ ಗಿಡಕ್ಕೆ ಹೊಡೆಯಬೇಕು. ಜರೀಗಿಡಗಳಂತಹ ಸೂಕ್ಷ್ಮ ಎಲೆಗಳು ಸಾಬೂನನ್ನು ತಾಳಲಾರವು. ಬಿಸಿಲು ಇಳಿದ ಮೇಲೆ, ಗಿಡಕ್ಕೆ ಹಿಂದಿನ ದಿನ ಚೆನ್ನಾಗಿ ನೀರುಣಿಸಿ ಸಿಂಪಡಿಸಿದರೆ ಎಲೆ ಸುಡುವುದಿಲ್ಲ.

ಅಂತರವನ್ನು ಹವೆಯನ್ನು ನೋಡಿ ನಿರ್ಧರಿಸಬೇಕು. ಬಿಸಿ ಹೆಚ್ಚಿರುವಾಗ ನಾಲ್ಕೈದು ದಿನಕ್ಕೊಮ್ಮೆ, ತಂಪಾಗಿದ್ದರೆ ಏಳು ದಿನಕ್ಕೊಮ್ಮೆ, ಕನಿಷ್ಠ ಮೂರು ಬಾರಿ. ಎರಡನೆಯ ಸಿಂಪಡಣೆಯ ಹೊತ್ತಿಗೆ ಗಿಡ ಚೆನ್ನಾಗಿ ಕಾಣುತ್ತದೆ, ಮೂರನೆಯದನ್ನು ಬಿಟ್ಟುಬಿಡೋಣ ಎನಿಸುತ್ತದೆ. ಬಿಡಬೇಡಿ.

ನೀರಿನಲ್ಲಿ ಬೆರೆಸುವ ಗಂಧಕವೂ ನುಸಿಗೆ ಹಳೆಯ ಮದ್ದು, ಲೀಟರಿಗೆ 2ರಿಂದ 3 ಗ್ರಾಂ. ಆದರೆ ಉಷ್ಣತೆ 32 ಡಿಗ್ರಿ ದಾಟುವ ದಿನಗಳಲ್ಲಿ ಅದು ಎಲೆ ಸುಡುತ್ತದೆ, ಸೌತೆ ಕುಂಬಳದ ಜಾತಿಗಳಲ್ಲಿ ಕೆಲವು ಅದನ್ನು ಸಹಿಸುವುದಿಲ್ಲ, ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಕಳೆಯುವ ಮುನ್ನ ಹಾಕಲೇಬಾರದು. ನುಸಿ ಹೆಚ್ಚುವುದು ಬೇಸಿಗೆಯಲ್ಲಾದ್ದರಿಂದ ನಾನು ಇದನ್ನು ಬಳಸುವುದು ಕಡಿಮೆ.

ಮೂರು ಬಾರಿ ಹೊಡೆದರೂ ಇಳಿಯದಿದ್ದರೆ

ಮೊದಲು ಎಲೆಯ ತಳ ಒದ್ದೆಯಾಗುತ್ತಿದೆಯೇ ಎಂದು ಪರೀಕ್ಷಿಸಿ: ಸಿಂಪಡಿಸಿದ ಕೂಡಲೇ ಗಿಡದ ನಡುವಿನ ನಾಲ್ಕೈದು ಎಲೆಗಳನ್ನು ತಿರುಗಿಸಿ ನೋಡಿದರೆ ಸಾಕು. ಒಣಗಿದ್ದರೆ ದೋಷ ಅಲ್ಲಿಯೇ ಇದೆ. ಪಂಪಿನ ಮೂತಿಯನ್ನು ಮೇಲ್ಮುಖವಾಗಿ ತಿರುಗಿಸಿ, ಕೆಳಗಿನಿಂದ ಹೊಡೆಯಬೇಕು. ಬಲೆ ದಟ್ಟವಾಗಿದ್ದರೆ ದ್ರಾವಣ ಬಲೆಯ ಮೇಲೆ ಹನಿಯಾಗಿ ನಿಂತುಬಿಡುತ್ತದೆ, ಮೊದಲು ನೀರಿನಿಂದ ಬಲೆ ಹರಿಯಬೇಕು. ಎರಡನೆಯದಾಗಿ, ಪಕ್ಕದ ಗಿಡಗಳನ್ನೂ ಬುಡದ ಕಳೆಗಳನ್ನೂ ಕಾಗದದ ಪರೀಕ್ಷೆಗೆ ಒಡ್ಡಬೇಕು. ಒಂದು ಗಿಡವನ್ನು ಗುಣಪಡಿಸಿ ಪಕ್ಕದ್ದನ್ನು ಮರೆತರೆ ನುಸಿ ವಾರದೊಳಗೆ ಮರಳುತ್ತದೆ.

ಮೂರನೆಯದು, ಇತ್ತೀಚೆಗೆ ಬೇರೆ ಕೀಟನಾಶಕ ಹೊಡೆದಿದ್ದೀರೇ ಎಂಬ ಪ್ರಶ್ನೆ. ಕುಂಡದ ಗುಲಾಬಿಯೊಂದಕ್ಕೆ ಗಿಡಹೇನು ಬಂತೆಂದು ನಾನೊಮ್ಮೆ ಪೈರೆಥ್ರಾಯ್ಡ್ ಗುಂಪಿನ ಔಷಧ ಹೊಡೆದೆ. ಹೇನು ಮರುದಿನವೇ ಹೋಯಿತು. ಮೂರನೆಯ ವಾರಕ್ಕೆ ಮೊಗ್ಗಿನ ತೊಟ್ಟುಗಳ ನಡುವೆ ಬಲೆ ತೂಗಾಡುತ್ತಿತ್ತು, ಬಲೆಯ ತುದಿಯಲ್ಲಿ ನುಸಿಗಳು ಕೆಂಪು ರವೆಯಂತೆ ಗುಂಪುಗಟ್ಟಿದ್ದವು. ಆ ಗಿಡ ಉಳಿಯಲಿಲ್ಲ. ಪೈರೆಥ್ರಾಯ್ಡ್‌ಗಳು, ಕಾರ್ಬರಿಲ್, ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಗಳ ಬಳಕೆಯ ಬೆನ್ನಿಗೆ ಜೇಡ ನುಸಿ ಉಕ್ಕಿ ಬರುವುದು ಚೆನ್ನಾಗಿ ದಾಖಲಾದ ಸಂಗತಿ. ಪರಭಕ್ಷಕ ನುಸಿ, ನುಸಿಯನ್ನೇ ತಿನ್ನುವ ಪುಟ್ಟ ಕಪ್ಪು ಗುಲಗಂಜಿ ಹುಳು, ಲೇಸ್‌ವಿಂಗ್ ಎಂಬ ಕೀಟದ ಮರಿಗಳು ಸತ್ತ ಮೇಲೆ ನುಸಿಯನ್ನು ತಡೆಯಲು ಯಾರೂ ಉಳಿದಿರುವುದಿಲ್ಲ.

ಕೊನೆಯದಾಗಿ ನುಸಿನಾಶಕಗಳು. ಈ ಒಂದು ಜಾತಿ 90ಕ್ಕೂ ಹೆಚ್ಚು ರಾಸಾಯನಿಕಗಳ ವಿರುದ್ಧ ಪ್ರತಿರೋಧ ಬೆಳೆಸಿಕೊಂಡಿರುವುದು ವರದಿಯಾಗಿದೆ. ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆಯುವುದು ಆ ಪ್ರತಿರೋಧವನ್ನು ನಮ್ಮ ಕೈಯಾರೆ ಸಾಕುವ ಕೆಲಸ. ಅಬಾಮೆಕ್ಟಿನ್ ಎಲೆಯೊಳಗೆ ಇಳಿದು ಓಡಾಡುವ ನುಸಿಗಳನ್ನು ಕೊಲ್ಲುತ್ತದೆ, ಮೊಟ್ಟೆಗಳ ಮೇಲೆ ಅದರ ಪ್ರಭಾವ ಕಡಿಮೆ. ಹೆಕ್ಸಿಥಿಯಾಜಾಕ್ಸ್ ಮತ್ತು ಎಟಾಕ್ಸಜೋಲ್ ಮೊಟ್ಟೆ ಮರಿಗಳನ್ನು ತಡೆಯುತ್ತವೆ, ಬೆಳೆದವುಗಳನ್ನು ಕೊಲ್ಲುವುದಿಲ್ಲ. ಇದನ್ನು ತಿಳಿಯದವರು ಮರುದಿನ ಓಡಾಡುವ ನುಸಿ ಕಂಡು ಔಷಧವೇ ಕಲಬೆರಕೆ ಎಂದುಕೊಳ್ಳುತ್ತಾರೆ. ಸ್ಪೈರೋಮೆಸಿಫೆನ್ ಬೇರೆ ಗುಂಪಿನದು, ನಿಧಾನವಾಗಿ ಕೆಲಸ ಮಾಡುತ್ತದೆ. ಒಂದು ಗುಂಪಿನದನ್ನು ಬಳಸಿದ ಮೇಲೆ ಮುಂದಿನ ಬಾರಿ ಬೇರೆ ಗುಂಪಿನದನ್ನು ಆರಿಸಬೇಕು. ಹೆಸರು ಬೇರೆಯಾದರೆ ಸಾಲದು, ಒಳಗಿನ ರಾಸಾಯನಿಕದ ಗುಂಪೂ ಬೇರೆಯಾಗಬೇಕು. ಹಳೆಯ ಸಲಹೆಗಳಲ್ಲಿ ಕಾಣುವ ಡೈಕೋಫಾಲ್ ಎಂಬ ನುಸಿನಾಶಕವನ್ನು 2019ರಲ್ಲಿ, ಬಹುಕಾಲ ಕರಗದೆ ಉಳಿಯುವ ವಿಷ ರಾಸಾಯನಿಕಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಲಾಗಿದೆ, ಅದನ್ನು ಹುಡುಕಲು ಹೋಗಬಾರದು. ಯಾವುದೇ ನುಸಿನಾಶಕದ ಡಬ್ಬಿಯ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿದ್ದರೆ ಮಾತ್ರ, ಅದರಲ್ಲಿ ಹೇಳಿದ ಪ್ರಮಾಣದಲ್ಲಿ ಮಾತ್ರ ಬಳಸಬೇಕು. ತಿನ್ನುವ ಕಾಯಿ ಸೊಪ್ಪುಗಳಲ್ಲಿ ಸಿಂಪಡಣೆಗೂ ಕೊಯ್ಲಿಗೂ ನಡುವೆ ಕಾಯಬೇಕಾದ ದಿನಗಳನ್ನು ಎಣಿಸಲೇಬೇಕು. ಅಬಾಮೆಕ್ಟಿನ್ ಜೇನುನೊಣಗಳಿಗೆ ವಿಷ, ಹೂ ಅರಳಿದ ಗಿಡಕ್ಕೆ ಬೇಡ. ಮನೆಯೊಳಗಿನ ಒಂದೆರಡು ಕುಂಡಗಳಿಗಾಗಿ ಇವುಗಳನ್ನು ತರುವುದು ನನಗೆ ಸರಿಕಾಣುವುದಿಲ್ಲ.

ಪರಭಕ್ಷಕಗಳನ್ನು ತಂದು ಬಿಡುವ ದಾರಿಯೂ ಇದೆ. ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ಕಿತ್ತಳೆ ಬಣ್ಣದ ನುಸಿ ಜೇಡ ನುಸಿಗಳನ್ನೇ ತಿಂದು ಬದುಕುತ್ತದೆ, ಹಸಿರುಮನೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಗಾಳಿಯ ತೇವ ಶೇ. 60ಕ್ಕಿಂತ ಕೆಳಗಿಳಿದರೆ ಅದರ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ, ಹಾಗಾಗಿ ಒಣ ಕೋಣೆಯಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸಲಾಗದು. ಬಿಡುವ ಮುನ್ನ ಎಲೆಯ ಮೇಲೆ ಹಳೆಯ ಔಷಧದ ಶೇಷ ಇರಬಾರದು.

ಗುಣವಾಯಿತೇ ಎಂದು ತಿಳಿಯುವುದು

ಕೊನೆಯ ಸಿಂಪಡಣೆಯ ದಿನ ಎಳೆಯ ಎಲೆಯೊಂದಕ್ಕೆ ದಾರ ಕಟ್ಟಿ ಗುರುತು ಮಾಡಿ. ಎರಡು ವಾರದ ನಂತರ ಆ ಎಲೆಯೂ ಅದರ ಮೇಲೆ ಬಂದ ಚಿಗುರೂ ಚುಕ್ಕೆಯಿಲ್ಲದೆ ಹಸಿರಾಗಿದ್ದು, ವಾರಕ್ಕೊಮ್ಮೆಯಂತೆ ಎರಡು ಬಾರಿ ಮಾಡಿದ ಕಾಗದದ ಪರೀಕ್ಷೆಯಲ್ಲಿ ಏನೂ ತೆವಳದಿದ್ದರೆ ಗಿಡವನ್ನು ಮರಳಿ ಸಾಲಿಗೆ ತರಬಹುದು. ಹೊಸದಾಗಿ ತಂದ ಗಿಡಕ್ಕೂ ಇದೇ ಎರಡು ವಾರದ ಪ್ರತ್ಯೇಕತೆ ಇರಲಿ. ಇಷ್ಟೆಲ್ಲ ಮಾಡಿದ ಮೇಲೂ ಚಿಗುರೇ ಬಾರದೆ ಎಲೆ ಉದುರುತ್ತಿರುವ ಕುಂಡದ ಗಿಡವನ್ನು, ಅದರಲ್ಲಿಯೂ ಪಕ್ಕದಲ್ಲಿ ಆರೋಗ್ಯವಾದ ಗಿಡಗಳಿದ್ದರೆ, ಚೀಲ ಮುಚ್ಚಿ ಬುಡಸಮೇತ ತೆಗೆದುಬಿಡುವುದೇ ಸರಿ. ಕುಂಡವನ್ನು, ಅದರ ಅಂಚಿನ ಕೆಳಗಿನ ಸಂದನ್ನೂ ಬಿಡದೆ, ಸಾಬೂನು ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ ತೊಳೆದು, ಕೆಲವು ದಿನ ಬಿಸಿಲಿನಲ್ಲಿ ಬೋರಲು ಹಾಕಿಟ್ಟು, ಆಮೇಲೆ ಹೊಸ ಮಣ್ಣು ತುಂಬಬಹುದು.